ಕೆ'ಗಾರಿಯ ಮರಳು ಕಾಡಿಗೆ ಐದು ಬಾಗಿಲಿನ ಜಿಮ್ನಿ ಸಾಕೇ?

ಇಬ್ಬರು, ಎರಡು ಬ್ಯಾಗು, ಒಂದು ಚಿಕ್ಕ ಟೆಂಟು: ಇಷ್ಟೇ ಆದರೆ ಧಾರಾಳವಾಗಿ ಸಾಕು. ಆಸ್ಟ್ರೇಲಿಯಾದ ಆ ಮರಳು ದ್ವೀಪದ ದಾರಿಗೆ ಇದಕ್ಕಿಂತ ಒಪ್ಪುವ ಹೊಸ ಗಾಡಿ ಈ ಬೆಲೆಯಲ್ಲಿ ಇನ್ನೊಂದಿಲ್ಲ. ನಾಲ್ವರು ದೊಡ್ಡವರು, ಗಾಡಿಯ ಫ್ರಿಜ್ಜು, ಛಾವಣಿಯ ಮೇಲೆ ಟೆಂಟು ಎಂದರೆ ಸಾಲದು. ಎರಡು ಮಾತಿಗೂ ಕಾರಣ ಒಂದೇ, ತೂಕ. ಸುಜುಕಿಯ ಈ ಗಾಡಿ ಮರಳಿನಲ್ಲಿ ಗೆಲ್ಲುವುದು ಹಗುರವಾಗಿರುವುದರಿಂದ. ಅದನ್ನು ಕಳೆದುಕೊಂಡರೆ ಅದರ ಬೇರೆಲ್ಲ ಕೊರತೆಗಳೂ ಒಟ್ಟಿಗೆ ಎದುರಿಗೆ ಬರುತ್ತವೆ.

ಗುರುಗ್ರಾಮದ ಮಾರುತಿ ಕಾರ್ಖಾನೆಯಲ್ಲಿ ತಯಾರಾಗುವ ಈ ಮಾದರಿ ಭಾರತದಲ್ಲಿ 2023ರ ಜೂನ್‌ನಲ್ಲಿ ಮಾರಾಟಕ್ಕೆ ಬಂತು. ಅದೇ ವರ್ಷದ ಕೊನೆಯ ಹೊತ್ತಿಗೆ ‘ಜಿಮ್ನಿ ಎಕ್ಸ್‌ಎಲ್’ ಎಂಬ ಹೆಸರಿನಲ್ಲಿ ಆಸ್ಟ್ರೇಲಿಯಾ ತಲುಪಿತು. ಬ್ರಿಸ್ಬೇನಿನ ಕನ್ನಡಿಗರು ಇದನ್ನು ಕೊಳ್ಳುವ ಮುಂಚೆ ಕೇಳುವ ಮೊದಲ ಪ್ರಶ್ನೆ, ಇದು ಕೆ'ಗಾರಿಗೆ ಹೋಗುತ್ತದಾ ಎಂಬುದು. ಅದಕ್ಕೇ ಇಲ್ಲಿ ಹೆದ್ದಾರಿಯ ಮೈಲೇಜು, ಪರದೆಯ ಗಾತ್ರ, ಸ್ಪೀಕರಿನ ಧ್ವನಿ ಇವನ್ನೆಲ್ಲ ಬಿಟ್ಟು ಮರಳು ಕಾಡುದಾರಿಯ ಮಟ್ಟಿಗೆ ಮಾತ್ರ ಇದನ್ನು ಅಳೆಯಲಾಗಿದೆ.

ಮೊದಲು ದಾರಿ ಎಂಥದು ಎಂದು ತಿಳಿದಿರಬೇಕು. ಕ್ವೀನ್ಸ್‌ಲ್ಯಾಂಡ್ ಕರಾವಳಿಯ ಆಚೆಗಿರುವ ಕೆ'ಗಾರಿ ಪ್ರಪಂಚದ ಅತಿ ದೊಡ್ಡ ಮರಳು ದ್ವೀಪ. ಉದ್ದ 120 ಕಿ.ಮೀ.ಗೂ ಹೆಚ್ಚು. 1992ರಿಂದ ವಿಶ್ವ ಪರಂಪರೆಯ ತಾಣ. ಬಹುಕಾಲ ಫ್ರೇಸರ್ ಐಲೆಂಡ್ ಎಂದು ಕರೆಸಿಕೊಳ್ಳುತ್ತಿದ್ದ ಈ ನೆಲಕ್ಕೆ 2023ರಲ್ಲಿ ಇಲ್ಲಿನ ಮೂಲನಿವಾಸಿಗಳಾದ ಬುಚುಲ್ಲಾ ಜನರ ಹೆಸರು ಅಧಿಕೃತವಾಗಿ ಮರಳಿ ಬಂತು. ಬರೀ ಮರಳಿನ ಮೇಲೆ ದಟ್ಟ ಮಳೆಕಾಡು ಬೆಳೆದಿರುವುದು ಇಲ್ಲಿನ ವಿಶೇಷ. ಸೆಂಟ್ರಲ್ ಸ್ಟೇಷನ್ ಎಂಬ ಹಳೆಯ ಅರಣ್ಯ ಶಿಬಿರದ ಸುತ್ತ ನಿಂತಿರುವ ಸ್ಯಾಟಿನೇ ಮರಗಳ ದಿಮ್ಮಿಗಳು ಒಂದು ಕಾಲಕ್ಕೆ ಸೂಯೆಜ್ ಕಾಲುವೆಯ ಕಟ್ಟೆಗೂ ಹೋಗಿದ್ದವು. ಮರ ಕಡಿಯುವುದು 1991ರಲ್ಲಿ ನಿಂತಿತು. ಆ ಕಾಲದಲ್ಲಿ ದಿಮ್ಮಿ ಸಾಗಿಸಲು ಮಾಡಿದ ಜಾಡುಗಳಲ್ಲೇ ಇವತ್ತು ಪ್ರವಾಸಿಗಳು ಗಾಡಿ ಓಡಿಸುತ್ತಾರೆ.

ಇಂಥ ಕಾಡುದಾರಿಯಲ್ಲಿ ಮರಳು ಎಲ್ಲ ಕಡೆಯೂ ಒಂದೇ ಥರ ಇರುವುದಿಲ್ಲ. ಮರಗಳ ದಟ್ಟ ನೆರಳಿನಲ್ಲಿ ತೇವ ಉಳಿದಿರುತ್ತದೆ. ಒದ್ದೆ ಮರಳಿನ ಕಾಳುಗಳ ನಡುವಿನ ನೀರು ಒಂದನ್ನೊಂದು ಹಿಡಿದುಕೊಂಡಿರುವುದರಿಂದ ನೆಲ ಗಟ್ಟಿ. ನೆರಳು ಮುಗಿದು ಕುರುಚಲು ಕಾಡಿನ ಬಯಲಿಗೆ ಬಂದ ಕೂಡಲೇ ಬಿಸಿಲಿಗೆ ಒಣಗಿದ ಬಿಳಿ ಮರಳು, ಕಾಲಿಟ್ಟರೆ ಪಾದ ಮುಳುಗುತ್ತದೆ. ಗಾಡಿ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಈ ಗಡಿಯಲ್ಲೇ. ಗಟ್ಟಿ ನೆಲದ ಧೈರ್ಯದಲ್ಲಿ ಎತ್ತರದ ಗೇರಿನಲ್ಲಿ ಬಂದವರಿಗೆ ಏರು ಶುರುವಾಗುವ ಮೊದಲೇ ರಭಸ ಮುಗಿದಿರುತ್ತದೆ. ಬೇಸಿಗೆಯ ಮಳೆ ಬಿದ್ದ ಮೇಲೆ ದಾರಿ ಹದವಾಗಿರುತ್ತದೆ. ಅಲ್ಲಿನ ಚಳಿಗಾಲದ ಕೊನೆಗೆ, ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಒಣ ಹವೆ ಇರುವಾಗ, ಅದರಲ್ಲೂ ಶಾಲೆ ರಜೆಯಲ್ಲಿ ನೂರಾರು ಗಾಡಿಗಳು ಉತ್ತು ಹಾಕಿದ ಮೇಲೆ, ಅತಿ ಕಷ್ಟ.

ಗಾಡಿಯ ಲೆಕ್ಕ

1462 ಸಿಸಿಯ ಪೆಟ್ರೋಲ್ ಎಂಜಿನ್, ಭಾರತದ ಲೆಕ್ಕದಲ್ಲಿ 105 ಪಿಎಸ್ ಶಕ್ತಿ, 134 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ). ಆ ಟಾರ್ಕ್ ಪೂರ್ತಿ ಸಿಗುವುದು ಎಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗುವಾಗ. ಏಣಿಯಾಕಾರದ ಚಾಸಿ, ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್ (ಎಡ ಬಲ ಗಾಲಿಗಳನ್ನು ಜೋಡಿಸುವ ಒಂದೇ ಅಚ್ಚು), ಕಾಯಿಲ್ ಸ್ಪ್ರಿಂಗು. ಲಿವರ್ ಎಳೆದು ಹಾಕುವ ಫೋರ್ ವೀಲ್ ಡ್ರೈವ್, ಅದರಲ್ಲಿ ಲೋ ರೇಂಜ್ (ವೇಗ ತಗ್ಗಿಸಿ ಎಳೆತ ಹೆಚ್ಚಿಸುವ ಗೇರು ಜೋಡಣೆ) ಕೂಡ. ನೆಲದಿಂದ 210 ಮಿ.ಮೀ. ಎತ್ತರ. ಗಾಡಿಯ ಸ್ವಂತ ತೂಕ ಸುಮಾರು 1200 ಕೆ.ಜಿ., ಹೊರೆ ಸೇರಿ 1545 ಕೆ.ಜಿ. ಮೀರುವ ಹಾಗಿಲ್ಲ. ಇದೇ ದಾರಿಯಲ್ಲಿ ಓಡುವ ಟೊಯೋಟಾ ಹೈಲಕ್ಸ್ ಎರಡು ಟನ್ ದಾಟುತ್ತದೆ, ಲ್ಯಾಂಡ್ ಕ್ರೂಸರ್ 300 ಎರಡೂವರೆ ಟನ್ ಆಸುಪಾಸು. ಮರಳಿನಲ್ಲಿ ಈ ಒಂದು ಟನ್ನಿನ ವ್ಯತ್ಯಾಸವನ್ನು ಯಾವ ಎಂಜಿನ್ನೂ ತುಂಬಿಕೊಡುವುದಿಲ್ಲ. ಗಾಲಿ ಎಷ್ಟು ಆಳಕ್ಕೆ ಇಳಿಯುತ್ತದೋ ಅಷ್ಟು ಮರಳನ್ನು ಮುಂದಕ್ಕೆ ತಳ್ಳಿಕೊಂಡು ಹೋಗಬೇಕು. ಎಂಜಿನ್ನಿನ ಶಕ್ತಿಯೆಲ್ಲ ಖರ್ಚಾಗುವುದು ಆ ದಿಬ್ಬವನ್ನು ತಳ್ಳುವುದಕ್ಕೇ. ಜಿಮ್ನಿಯ ಗಾಲಿ ಅಷ್ಟು ಇಳಿಯುವುದಿಲ್ಲ, ಆದ್ದರಿಂದ 134 ನ್ಯೂಟನ್ ಮೀಟರಿನಲ್ಲೇ ಕೆಲಸ ಸಾಗುತ್ತದೆ.

ಕಂಪನಿ ಕೊಡುವ ಟೈರು 195/80 ಆರ್15, ರಸ್ತೆಗೆಂದು ಮಾಡಿದ ಮೈಯದು. ಷೋರೂಮಿನಿಂದ ಬಂದ ಕೂಡಲೇ ಇದನ್ನು ಬಿಚ್ಚಿ ದೊಡ್ಡ ಗುಬ್ಬಿಯ (ಮೈಮೇಲೆ ಎದ್ದ ಉಬ್ಬುಗಳ) ಕೆಸರು ಟೈರು ಹಾಕಿಸುವವರು ಬಹಳ. ಮರಳಿಗೆ ಅದು ತಪ್ಪು ಆಯ್ಕೆ. ಕೆಸರು ಟೈರಿನ ಗುಬ್ಬಿಗಳು ಮರಳನ್ನು ಅಗೆದು ಹಿಂದಕ್ಕೆ ಎಸೆಯುತ್ತವೆ, ಪಕ್ಕದ ಗೋಡೆ ಬಿರುಸಾಗಿರುವುದರಿಂದ ಗಾಳಿ ಇಳಿಸಿದರೂ ಬೇಗ ಬಾಗುವುದಿಲ್ಲ. ರಸ್ತೆ ಟೈರು ಮರಳಿನ ಮೇಲೆ ತೇಲಿಕೊಂಡು ಹೋಗುತ್ತದೆ. ಬದಲಿಸಲೇಬೇಕು ಎನ್ನುವವರಿಗೆ 215/75 ಆರ್15 ಅಳತೆಯ, ಸಾಧಾರಣ ಮೈಯ ಆಲ್ ಟೆರೇನ್ (ಎಲ್ಲ ಬಗೆಯ ನೆಲಕ್ಕಾಗುವ) ಟೈರು ಸಾಕು. ಅಗಲ 20 ಮಿ.ಮೀ. ಹೆಚ್ಚುತ್ತದೆ, ಸುತ್ತಳತೆ ಹೆಚ್ಚೇನೂ ಬದಲಾಗುವುದಿಲ್ಲವಾದ್ದರಿಂದ ಗೇರಿಂಗ್ ಕೆಡುವುದಿಲ್ಲ.

ಗಾಳಿಯ ವಿಷಯದಲ್ಲಿ ರಾಜಿ ಇಲ್ಲ. ದೊಡ್ಡ ಗಾಡಿಗಳಿಗೆ ಇಲ್ಲಿ ರೂಢಿಯಾಗಿ ಹೇಳುವ 18ರಿಂದ 20 ಪಿಎಸ್‌ಐ (ಟೈರಿನ ಗಾಳಿಯ ಒತ್ತಡದ ಅಳತೆ) ಜಿಮ್ನಿಗೆ ಹೆಚ್ಚಾಯಿತು. ಹಗುರ ಗಾಡಿಯ ಟೈರು ಆ ಒತ್ತಡದಲ್ಲಿ ಇನ್ನೂ ಗುಂಡಾಗಿಯೇ ಇರುತ್ತದೆ. ಒಳದಾರಿಗೆ 15ರಿಂದ 16 ಪಿಎಸ್‌ಐ ಸರಿ, ಒಣ ಮರಳು ಉದ್ದಕ್ಕೂ ಇದ್ದರೆ 14. ಸಿಕ್ಕಿಹಾಕಿಕೊಂಡಾಗ ಮಾತ್ರ 12, ಹೊರಗೆ ಬಂದ ಕೂಡಲೇ ಮತ್ತೆ 15. ಗಾಳಿ ಇಳಿಸಿದಾಗ ಟೈರು ಅಗಲಕ್ಕಿಂತ ಉದ್ದಕ್ಕೆ ಹೆಚ್ಚು ಚಾಚಿಕೊಳ್ಳುತ್ತದೆ. ಬದಿಯಿಂದ ನೋಡಿದರೆ ರಿಮ್ಮಿನ ಕೆಳಗೆ ಟೈರಿನ ಗೋಡೆ ಸ್ವಲ್ಪ ಉಬ್ಬಿ, ನೆಲಕ್ಕೆ ತಾಗಿದ ಭಾಗ ನೀಳವಾಗಿ ಕಾಣಬೇಕು. ಹಾಗೆ ಕಾಣದಿದ್ದರೆ ಮೀಟರು ಏನೇ ಹೇಳಲಿ, ಇನ್ನೊಂದು ಪಿಎಸ್‌ಐ ಇಳಿಸಿ.

ಇಲ್ಲಿ ಬಹಳ ಜನ ತಪ್ಪುವ ಒಂದು ಜಾಗವಿದೆ. ಬ್ರಿಸ್ಬೇನಿನಿಂದ ರೈನ್‌ಬೋ ಬೀಚಿಗೆ (ದ್ವೀಪಕ್ಕೆ ದಾಟುವ ಮೊದಲಿನ ಊರು) ಮೂರು ಗಂಟೆ ಡಾಂಬರಿನಲ್ಲಿ ಬಂದ ಟೈರು ಕಾದಿರುತ್ತದೆ, ಮೀಟರು 3ರಿಂದ 4 ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಆಗ 16ಕ್ಕೆ ಇಳಿಸಿ ರಾತ್ರಿ ಟೆಂಟಿನಲ್ಲಿ ಮಲಗಿದರೆ ಬೆಳಗ್ಗೆ ತಣ್ಣಗಾದ ಟೈರಿನಲ್ಲಿ ಉಳಿದಿರುವುದು 13. ಅದರಲ್ಲೇ ಬೇಗ ಹೋಗಿ ಚುರುಕಾಗಿ ಸ್ಟೀರಿಂಗ್ ತಿರುಗಿಸಿದರೆ ಟೈರು ರಿಮ್ಮಿನಿಂದ ಕಳಚಿಕೊಳ್ಳುತ್ತದೆ. ಬೆಳಗ್ಗೆ ಹೊರಡುವ ಮುಂಚೆ ನಾಲ್ಕೂ ಗಾಲಿ ಅಳೆಯುವುದು ಅಭ್ಯಾಸವಾಗಬೇಕು. 16ರಲ್ಲಿ 40 ಕಿ.ಮೀ. ವೇಗ ದಾಟಬೇಡಿ, 12ರಲ್ಲಿ 20ರ ಒಳಗೇ ಇರಿ. ಗಾಳಿ ತುಂಬುವ ಕಂಪ್ರೆಸರನ್ನು ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸಿದರೆ ಫ್ಯೂಸು ಹೋಗುವ ಸಂಭವ ಹೆಚ್ಚು. ಬ್ಯಾಟರಿಯ ತುದಿಗಳಿಗೇ ಕ್ಲಿಪ್ ಹಾಕುವಂಥದ್ದು ತೆಗೆದುಕೊಳ್ಳಿ. ತುಂಬುವಾಗ ಎಂಜಿನ್ ಓಡುತ್ತಿರಲಿ.

ಗೇರು, ಲೋ ರೇಂಜ್, ಇಎಸ್‌ಪಿ

ದ್ವೀಪದ ಒಳದಾರಿಗಳಲ್ಲಿ ವೇಗಮಿತಿ 30 ಕಿ.ಮೀ. ಮ್ಯಾನ್ಯುಯಲ್ ಜಿಮ್ನಿಯ ಗೇರುಗಳನ್ನು ಈ ಅಂಕಿಯ ಪಕ್ಕದಲ್ಲಿಟ್ಟು ನೋಡಿದರೆ ಏನು ಮಾಡಬೇಕು ಎಂಬುದು ತಾನೇ ಗೊತ್ತಾಗುತ್ತದೆ. ಹೈ ರೇಂಜಿನ ಎರಡನೇ ಗೇರಿನಲ್ಲಿ 20 ಕಿ.ಮೀ. ವೇಗಕ್ಕೆ ಎಂಜಿನ್ ಸುಮಾರು 1500 ಸುತ್ತಿನಲ್ಲಿರುತ್ತದೆ. ಅಲ್ಲಿ ಈ ಎಂಜಿನ್ನಿಗೆ ಜೀವವೇ ಇಲ್ಲ. ಒಂದಕ್ಕೆ ಇಳಿಸಿ ಮತ್ತೆ ಎರಡಕ್ಕೆ ಏರಿಸಿದರೆ ಸುತ್ತು ಹೆಚ್ಚೂಕಡಿಮೆ ಅರ್ಧಕ್ಕೆ ಬೀಳುತ್ತದೆ, ಏಕೆಂದರೆ ಈ ಎರಡು ಗೇರುಗಳ ನಡುವಿನ ಅಂತರ ಬಹಳ ದೊಡ್ಡದು. ಕ್ಲಚ್ ತುಳಿದ ಆ ಅರ್ಧ ಸೆಕೆಂಡಿನಲ್ಲೇ ಮೆತ್ತನೆ ಮರಳು ಗಾಡಿಯನ್ನು ನಿಲ್ಲಿಸಿಬಿಡುತ್ತದೆ.

ಲೋ ರೇಂಜಿಗೆ ಹಾಕಿ. ಮೂರನೇ ಗೇರು, 3000 ಸುತ್ತು, ವೇಗ ಸುಮಾರು 27 ಕಿ.ಮೀ. ದಾರಿಯ ಮಿತಿಗೂ ಎಂಜಿನ್ನಿನ ಇಷ್ಟಕ್ಕೂ ಹೊಂದುವ ಜಾಗ ಅದು. ಏರು ಬಂದರೆ ಎರಡಕ್ಕೆ ಇಳಿಸಿ: 3000ದಲ್ಲಿ 20 ಕಿ.ಮೀ. ಲೋ ರೇಂಜಿನ ಒಂದನೇ ಗೇರು ಮರಳಿಗಲ್ಲ. ಗಾಲಿ ಗಿರ್ರನೆ ತಿರುಗಿ ಗುಂಡಿ ತೋಡುತ್ತದೆ. ಬಂಡೆಗೋ ಬೇರಿನ ಮೆಟ್ಟಿಲಿಗೋ ಬೇಕಾದೀತು. ನಿಂತಲ್ಲಿಂದ ಹೊರಡುವಾಗಲೂ ಎರಡನೇ ಗೇರಿನಲ್ಲೇ ಹೊರಡಿ. ಹೈ ರೇಂಜಿನ ಫೋರ್ ವೀಲ್ ಡ್ರೈವನ್ನು ಓಡುತ್ತಲೇ ಹಾಕಬಹುದು, ಲೋ ರೇಂಜಿಗೆ ಮಾತ್ರ ಗಾಡಿ ಪೂರ್ತಿ ನಿಂತು ಕ್ಲಚ್ ತುಳಿದಿರಬೇಕು. ಆದ್ದರಿಂದ ಮರಳು ಮೆತ್ತಗಾದ ಮೇಲೆ ಹಾಕೋಣ ಎಂದರೆ ಹೊತ್ತು ಮೀರಿರುತ್ತದೆ. ಕಾಡಿನ ದಾರಿಗೆ ತಿರುಗುವ ಮೊದಲು ಗಟ್ಟಿ ನೆಲದಲ್ಲೇ ಹಾಕಿಕೊಳ್ಳಿ.

ಲೋ ರೇಂಜ್ ಹಾಕುವುದಕ್ಕೆ ಇನ್ನೊಂದು ಬಲವಾದ ಕಾರಣ ಇಎಸ್‌ಪಿ. ಗಾಲಿ ಜಾರಿದ ತಕ್ಷಣ ಈ ವ್ಯವಸ್ಥೆ ಎಂಜಿನ್ನಿನ ಶಕ್ತಿ ಕಡಿಮೆ ಮಾಡುತ್ತದೆ. ಡಾಂಬರಿನಲ್ಲಿ ಅದು ಪ್ರಾಣ ಕಾಯುತ್ತದೆ, ಮರಳಿನ ಏರಿನಲ್ಲಿ ಶಕ್ತಿ ಬೇಕಾದ ಹೊತ್ತಿಗೇ ಉಸಿರು ಕಟ್ಟಿಸುತ್ತದೆ. ಹೈ ರೇಂಜಿನಲ್ಲಿ ಬಟನ್ ಒತ್ತಿ ಆರಿಸಬಹುದು, ಆದರೆ ವೇಗ ಸುಮಾರು 30 ಕಿ.ಮೀ. ದಾಟಿದರೆ ತಾನಾಗಿಯೇ ಮತ್ತೆ ಶುರುವಾಗುತ್ತದೆ. ಸಮುದ್ರದಂಡೆಯ ಮೆತ್ತನೆ ಭಾಗಗಳಲ್ಲಿ ಇದು ನಿಜವಾದ ಕೊರತೆ. ಲೋ ರೇಂಜಿನಲ್ಲಿ ಇಎಸ್‌ಪಿ ತಾನೇ ಬದಿಗೆ ಸರಿಯುತ್ತದೆ, ಜಾರುವ ಗಾಲಿಗೆ ಮಾತ್ರ ಬ್ರೇಕ್ ಹಿಡಿದು ಎದುರು ಗಾಲಿಗೆ ಶಕ್ತಿ ಕಳಿಸುವ ಕೆಲಸ ಉಳಿಯುತ್ತದೆ. ಗುಂಡಿಗಳ ಮೇಲೆ ಹಾಯುವಾಗ ಒಂದು ಮುಂದಿನ ಗಾಲಿ, ಅದಕ್ಕೆ ಓರೆಯಾಗಿ ಒಂದು ಹಿಂದಿನ ಗಾಲಿ ಗಾಳಿಯಲ್ಲಿ ತೂಗಾಡಿ ಗಾಡಿ ನಿಂತಾಗ ಅದು ಉಪಯೋಗಕ್ಕೆ ಬರುತ್ತದೆ. ಕರಕರ ಸದ್ದು ಕೇಳಿದೊಡನೆ ಹೆದರಿ ಕಾಲು ತೆಗೆಯುವವರೇ ಹೆಚ್ಚು. ಆಕ್ಸಿಲರೇಟರನ್ನು ಒಂದೇ ಮಟ್ಟದಲ್ಲಿ ಎರಡು ಮೂರು ಸೆಕೆಂಡು ಹಿಡಿದಿದ್ದರೆ ಬ್ರೇಕು ಕಚ್ಚಿ ಗಾಡಿ ಮುಂದೆ ಹೋಗುತ್ತದೆ.

ಆಟೋಮ್ಯಾಟಿಕ್ ಗಾಡಿಗೆ ನಾಲ್ಕೇ ಗೇರು, ಹೆದ್ದಾರಿಯಲ್ಲಿ ಅದು ಹಳೆಯ ಕಾಲದ್ದು ಅನ್ನಿಸುತ್ತದೆ. ಮರಳಿನಲ್ಲಿ ಮಾತ್ರ ಅದೇ ಮೇಲು. ಗೇರು ಬದಲಾಗುವಾಗ ಎಳೆತ ಕಡಿಯುವುದಿಲ್ಲ, ಕ್ಲಚ್ ಸುಡುವ ಮಾತೇ ಇಲ್ಲ. ಲೋ ರೇಂಜಿನಲ್ಲಿ ಲಿವರನ್ನು ‘2’ರಲ್ಲಿ ಇಟ್ಟರೆ ಅನಾವಶ್ಯಕವಾಗಿ ಮೇಲಿನ ಗೇರಿಗೆ ಹಾರುವುದೂ ತಪ್ಪುತ್ತದೆ. ಮರಳಿಗೆಂದೇ ಕೊಳ್ಳುವವರಿಗೆ ಆಟೋಮ್ಯಾಟಿಕ್ಕೇ ನಮ್ಮ ಸಲಹೆ.

ಜಾಡು ಅಗಲ, ಗಾಡಿ ಕಿರಿದು

ಷೋರೂಮಿನಲ್ಲಿ ಯಾರೂ ಹೇಳದ ಸಂಗತಿ ಇದು. ಕೆ'ಗಾರಿಯ ಜಾಡುಗಳನ್ನು ಕೊರೆದಿರುವುದು ದೊಡ್ಡ ಗಾಡಿಗಳು. ಅವುಗಳ ಎಡ ಬಲ ಗಾಲಿಗಳ ನಡುವಿನ ಅಂತರ ಒಂದೂವರೆ ಮೀಟರಿಗೂ ಹೆಚ್ಚು. ಜಿಮ್ನಿಯದು ಮುಂದೆ 1395, ಹಿಂದೆ 1405 ಮಿ.ಮೀ. ಹಾಗಾಗಿ ಎರಡೂ ಗಾಲಿ ಒಟ್ಟಿಗೆ ಜಾಡಿನ ತಳದಲ್ಲಿ ಕೂರುವುದೇ ಇಲ್ಲ. ಒಂದು ಬದಿ ತಳಕ್ಕೆ ಇಳಿದರೆ ಇನ್ನೊಂದು ಬದಿ ನಡುವಿನ ದಿಬ್ಬದ ಇಳಿಜಾರಿನ ಮೇಲೆ ಹತ್ತಿರುತ್ತದೆ. ಗಾಡಿ ಓರೆಯಾಗಿ, ಕಿಟಕಿ ಮರದ ಕಡೆಗೆ ವಾಲಿಕೊಂಡು ಸಾಗುತ್ತದೆ. ಸ್ಟೀರಿಂಗ್ ಒಂದು ಕಡೆಗೆ ಎಳೆಯುತ್ತಲೇ ಇರುತ್ತದೆ. ಅದನ್ನು ಎದುರಿಸಿ ನೇರ ಮಾಡಲು ಹೊರಟರೆ ಮುಂದಿನ ಗಾಲಿಗಳು ಅಡ್ಡವಾಗಿ ಮರಳನ್ನು ದೂಡುತ್ತಾ ವೇಗ ತಿನ್ನುತ್ತವೆ.

ಮಾಡಬೇಕಾದದ್ದು ಇಷ್ಟು. ಯಾವ ಬದಿಯಲ್ಲಿ ಮರ ದೂರವಿದೆಯೋ ಆ ಬದಿಯ ಗಾಲಿಯನ್ನು ತಳಕ್ಕೆ ಬಿಡಿ. ವಾಲಿದರೂ ಬಡಿಯುವುದಕ್ಕೆ ಏನೂ ಇರುವುದಿಲ್ಲ. ಸ್ಟೀರಿಂಗನ್ನು ಸಡಿಲವಾಗಿ ಹಿಡಿಯಿರಿ, ಹೆಬ್ಬೆರಳು ಒಳಗೆ ಸುತ್ತಿಕೊಂಡಿರಬಾರದು; ಬೇರಿಗೆ ಗಾಲಿ ತಾಗಿದಾಗ ಸ್ಟೀರಿಂಗ್ ರಪ್ಪನೆ ತಿರುಗಿ ಬೆರಳು ಮುರಿಯುತ್ತದೆ. ಜಾಡಿನಲ್ಲಿ ಇರುವಾಗ ಗಾಲಿ ನಿಜವಾಗಿ ಯಾವ ಕಡೆ ತಿರುಗಿದೆ ಎಂಬುದು ಚಾಲಕನಿಗೆ ಗೊತ್ತಾಗುವುದಿಲ್ಲ, ಗೋಡೆ ಹಿಡಿದುಕೊಂಡಿರುವುದರಿಂದ ಗಾಡಿ ನೇರವಾಗಿಯೇ ಹೋಗುತ್ತಿರುತ್ತದೆ. ಗೋಡೆ ತಗ್ಗಾದ ಕಡೆ ಒಮ್ಮೆಲೇ ಹೊರಗೆ ಹಾರಿ ಮರಕ್ಕೆ ಗುದ್ದುವುದು ಹೀಗೆ. ಆಗಾಗ ಕಿಟಕಿಯಿಂದಾಚೆ ತಲೆ ಹಾಕಿ ಮುಂದಿನ ಗಾಲಿ ನೋಡಿಕೊಳ್ಳಿ.

ಐದು ಬಾಗಿಲಿನ ಮಾದರಿಗೆ ಇನ್ನೊಂದು ತೊಡಕಿದೆ. ಮೂರು ಬಾಗಿಲಿನ ಜಿಮ್ನಿಯ ಮುಂದಿನ ಹಿಂದಿನ ಗಾಲಿಗಳ ನಡುವಿನ ಉದ್ದ 2250 ಮಿ.ಮೀ. ಇದ್ದದ್ದು ಇದರಲ್ಲಿ 2590ಕ್ಕೆ ಬೆಳೆದಿದೆ. ಮುಂದಿನ ಕೋನ (ಮೂತಿ ತಾಗದೆ ಏರಬಲ್ಲ ಏರಿನ ಕಡಿದು) 36 ಡಿಗ್ರಿ, ಹಿಂದಿನದು 46ರ ಆಸುಪಾಸು. ಇವೆರಡರ ಬಗ್ಗೆ ದೂರೇ ಇಲ್ಲ. ಹೊಟ್ಟೆಯ ಕೋನ (ನಡುಭಾಗ ತಾಗದೆ ದಾಟಬಲ್ಲ ದಿಬ್ಬದ ಕಡಿದು) ಮಾತ್ರ 28ರಿಂದ 24ಕ್ಕೆ ಇಳಿದಿದೆ. ಮರಳು ದಿಬ್ಬದ ನೆತ್ತಿ ದಾಟುವಾಗ, ಗುಂಡಿಯಿಂದ ಗುಂಡಿಗೆ ಇಳಿದು ಏರುವಾಗ ಚಾಸಿಯ ನಡುಭಾಗ ನೆಲಕ್ಕೆ ಒರಸುತ್ತದೆ. ಮರಳಿಗಾದರೆ ಅದು ಬರೀ ಉಜ್ಜಾಟ, ಹೆಚ್ಚು ನಷ್ಟವಿಲ್ಲ. ಕಾಡಿನಲ್ಲಿ ಮರಳಿನ ಒಳಗೆ ತೋಳಿನ ದಪ್ಪದ ಬೇರುಗಳು ಅಡ್ಡ ಮಲಗಿರುತ್ತವೆ, ಅವು ಮರಳಿನಂತೆ ಸರಿದುಕೊಳ್ಳುವುದಿಲ್ಲ. ದಿಬ್ಬವನ್ನು ನೇರವಾಗಿ ಏರದೆ ತುಸು ಓರೆಯಾಗಿ ಹಾಯಿಸಿದರೆ ಒಂದೊಂದೇ ಗಾಲಿ ನೆತ್ತಿ ದಾಟಿ ಹೊಟ್ಟೆ ಉಳಿಯುತ್ತದೆ. ಕಡಿದಾದ ಇಳಿಜಾರಿನಲ್ಲಿ ಮಾತ್ರ ಈ ಓರೆ ಬೇಡವೇ ಬೇಡ, ಅಡ್ಡ ಜಾರಿದರೆ ಮಗುಚುತ್ತದೆ. ಅಲ್ಲಿ ನೇರ ಇಳಿಯಬೇಕು, ಲೋ ರೇಂಜ್ ಎರಡನೇ ಗೇರು, ಬ್ರೇಕಿಗೆ ಕಾಲಿಡದೆ. ಹಿಂಭಾಗ ಪಕ್ಕಕ್ಕೆ ಸರಿಯತೊಡಗಿದರೆ ಬ್ರೇಕ್ ಹಾಕಬೇಕು ಎನಿಸುತ್ತದೆ, ಆದರೆ ಆಗ ಬೇಕಾದದ್ದು ಸ್ವಲ್ಪ ಆಕ್ಸಿಲರೇಟರ್.

ಹೂತುಕೊಂಡಾಗ

ಗಾಡಿ ನಿಂತಿತು ಎಂದು ಗೊತ್ತಾದ ಕ್ಷಣ ಕಾಲು ತೆಗೆಯಿರಿ. ಇನ್ನೊಂದು ಸಲ ರೊಯ್ಯನೆ ಒತ್ತಿದರೆ ಗಾಲಿ ಒಂದು ಗೇಣು ಕೆಳಗೆ ಹೋಗಿ ಆಕ್ಸಲ್ ನೆಲಕ್ಕೆ ಕೂರುತ್ತದೆ. ಮೊದಲ ಕೆಲಸ ರಿವರ್ಸ್. ಬಂದ ಜಾಡು ಆಗಲೇ ಒತ್ತಿ ಗಟ್ಟಿಯಾಗಿರುವುದರಿಂದ ಹತ್ತಾರು ಅಡಿ ಹಿಂದೆ ಸರಿದು ಮತ್ತೆ ರಭಸ ಪಡೆಯಬಹುದು. ಜಿಮ್ನಿಯಂಥ ಹಗುರ ಗಾಡಿಯಲ್ಲಿ ಬಹುಪಾಲು ಇಷ್ಟರಲ್ಲೇ ಮುಗಿಯುತ್ತದೆ. ಮೊದಲೇ ನಿಲ್ಲಿಸಬೇಕಾಗಿ ಬಂದರೆ ಬ್ರೇಕ್ ಒತ್ತದೆ ಗಾಡಿ ತಾನಾಗಿ ನಿಲ್ಲುವಂತೆ ಬಿಡಿ, ಆದಷ್ಟು ಇಳಿಜಾರಿನ ಕಡೆ ಮುಖ ಮಾಡಿ. ಬ್ರೇಕ್ ಹಾಕಿ ನಿಲ್ಲಿಸಿದರೆ ನಾಲ್ಕೂ ಗಾಲಿಯ ಮುಂದೆ ಮರಳಿನ ಗುಡ್ಡೆ ಕೂತು ಹೊರಡುವಾಗ ಅದನ್ನು ಹತ್ತಬೇಕಾಗುತ್ತದೆ.

ರಿವರ್ಸಿಗೂ ಬಗ್ಗದಿದ್ದರೆ ಗುದ್ದಲಿ. ಗಾಲಿಯ ಮುಂದೆ ಅಗೆಯುವುದು ಎಲ್ಲರಿಗೂ ಗೊತ್ತು. ಜಿಮ್ನಿಯಲ್ಲಿ ಮರೆಯುವುದು ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಉಂಡೆ (ಗಾಲಿಗಳಿಗೆ ಶಕ್ತಿ ಹಂಚುವ ಗೇರುಗಳ ಡಬ್ಬಿ). ಗಟ್ಟಿ ಆಕ್ಸಲ್ ಇರುವ ಗಾಡಿಯಲ್ಲಿ ಅದೇ ಅತಿ ಕೆಳಗಿನ ಭಾಗ, ಲಂಗರಿನಂತೆ ಮರಳಿಗೆ ಕಚ್ಚಿಕೊಂಡಿರುತ್ತದೆ. ಅದರ ಮುಂದೆಯೂ ಕೆಳಗೂ ಮರಳು ತೆಗೆಯದೆ ಗಾಲಿಯಡಿಗೆ ಹಲಗೆ ಹಾಕಿ ಪ್ರಯೋಜನವಿಲ್ಲ. ಆಮೇಲೆ ಗಾಳಿ 12ಕ್ಕೆ ಇಳಿಸಿ, ರಿಕವರಿ ಹಲಗೆಗಳನ್ನು ಗಾಲಿಯ ಬುಡಕ್ಕೆ, ತುದಿ ಟೈರಿನ ಅಡಿ ಸೇರುವಷ್ಟು ತುರುಕಿ, ಲೋ ರೇಂಜ್ ಎರಡರಲ್ಲಿ ನಿಧಾನವಾಗಿ ಎತ್ತಿ. ಗಾಲಿ ಹಲಗೆಯ ಮೇಲೆ ಜಾರಿ ತಿರುಗಿದರೆ ಪ್ಲಾಸ್ಟಿಕ್ ಹಲ್ಲುಗಳು ಕರಗಿಹೋಗುತ್ತವೆ, ಹಲಗೆ ಹಿಂದಕ್ಕೆ ಚಿಮ್ಮುವುದೂ ಉಂಟು. ಹಿಂದೆ ಯಾರೂ ನಿಂತಿರಬಾರದು. ಜಾಕಿನ ಅಡಿಗೆ ಇಡಲು ಒಂದಡಿ ಚೌಕದ ದಪ್ಪ ಪ್ಲೈವುಡ್ ತುಂಡು ಇಟ್ಟುಕೊಳ್ಳಿ, ಇಲ್ಲದಿದ್ದರೆ ಗಾಡಿ ಏಳುವ ಬದಲು ಜಾಕೇ ಇಳಿಯುತ್ತದೆ.

ಎಳೆಸಿಕೊಳ್ಳುವ ಪಟ್ಟಿ ಕೊಳ್ಳುವಾಗ ಅಂಗಡಿಯವರು 8 ಟನ್ನಿನದನ್ನು ಮುಂದಿಡುತ್ತಾರೆ. ಅದು ದೊಡ್ಡ ಗಾಡಿಗಳ ಸರಕು. ಹಿಗ್ಗಿ ಕುಗ್ಗುವುದರಿಂದಲೇ ಇಂಥ ಪಟ್ಟಿ ಕೆಲಸ ಮಾಡುವುದು; ಒಂದೂವರೆ ಟನ್ನಿನ ಜಿಮ್ನಿಗೆ 8 ಟನ್ ಪಟ್ಟಿ ಹಿಗ್ಗುವುದೇ ಇಲ್ಲ, ಸಂಕೋಲೆ ಹಾಕಿ ಜಗ್ಗಿದಂತೆ ಹೊಡೆತ ನೇರ ಚಾಸಿಗೆ ಬೀಳುತ್ತದೆ. ಹಗುರವಾದ ಗಾಡಿಯ ಪೂರ್ಣ ತೂಕದ ಎರಡರಿಂದ ಮೂರು ಪಟ್ಟು ತಡೆಯುವ ಪಟ್ಟಿ ಎಂಬುದು ವಾಡಿಕೆಯ ಲೆಕ್ಕ. ಆ ಪ್ರಕಾರ 4.5 ಟನ್ ಆಸುಪಾಸಿನ, ಹಿಗ್ಗುವ ಕೈನೆಟಿಕ್ ಹಗ್ಗ ಸರಿಹೋಗುತ್ತದೆ. ಎಳೆಯುವ ಗಾಡಿ ದೊಡ್ಡದಾದರೆ ಅದರ ಚಾಲಕನಿಗೆ ಮೆಲ್ಲಗೆ ಎಳೆಯಲು ಹೇಳಿ. ಟ್ರೇಲರ್ ಸಿಕ್ಕಿಸುವ ಕಬ್ಬಿಣದ ಉಂಡೆಗೆ (ಟೋ ಬಾಲ್) ಹಗ್ಗ ಕಟ್ಟಲೇಬಾರದು. ಅದು ಮುರಿದು ಗುಂಡಿನಂತೆ ಹಾರಿ ಆಸ್ಟ್ರೇಲಿಯಾದಲ್ಲಿ ಜನ ಸತ್ತಿದ್ದಾರೆ.

ಹೊರೆ

1545ರಲ್ಲಿ ಗಾಡಿಯ ತೂಕ ಕಳೆದರೆ ಉಳಿಯುವುದು ಸುಮಾರು 350 ಕೆ.ಜಿ. ಎಪ್ಪತ್ತೈದು ಕೆ.ಜಿ.ಯ ನಾಲ್ವರು ಕೂತರೆ 300 ಮುಗಿಯಿತು. 20 ಲೀಟರ್ ನೀರು, ತುಂಬಿದ ಫ್ರಿಜ್ಜಿಗೆ 30 ಕೆ.ಜಿ., ಅಲ್ಲಿಗೆ ಲೆಕ್ಕ ಸರಿಹೋಯಿತು. ಗುದ್ದಲಿ, ಹಲಗೆ, ಕಂಪ್ರೆಸರ್, ಬಟ್ಟೆ, ಅಕ್ಕಿ ಬೇಳೆ ಇನ್ನೂ ಕೆಳಗೇ ಇವೆ. ಡಿಕ್ಕಿಯ ಜಾಗವೂ 210 ಲೀಟರ್ ಆಸುಪಾಸು, ಹಿಂದಿನ ಸೀಟು ಮಡಚದೆ ಕ್ಯಾಂಪಿಂಗಿಗೆ ಆಗುವುದಿಲ್ಲ. ಉಳಿದದ್ದನ್ನು ಛಾವಣಿಗೆ ಏರಿಸಿದರೆ ಮೇಲೆ ಹೇಳಿದ ಆ ವಾಲುವ ಜಾಡಿನಲ್ಲಿ ತೂಕ ಮರದ ಕಡೆಗೇ ತೂಗುತ್ತದೆ. ಹೊರೆ ತುಂಬಿದಾಗ ಹಿಂದಿನ ಸ್ಪ್ರಿಂಗ್ ಕುಗ್ಗಿ 24 ಡಿಗ್ರಿಯ ಹೊಟ್ಟೆ ಕೋನ ಇನ್ನೂ ತಗ್ಗುತ್ತದೆ, ಎಂಜಿನ್ ತಿಣುಕುತ್ತದೆ, ತಾಪ ಏರುತ್ತದೆ. ಇಬ್ಬರಿಗೆ ಸರಿ, ಇಬ್ಬರು ದೊಡ್ಡವರು ಇಬ್ಬರು ಮಕ್ಕಳಾದರೆ ಒಂದು ರಾತ್ರಿಗೆ ಹೇಗೋ ನಡೆಯುತ್ತದೆ. ಅದಕ್ಕಿಂತ ಹೆಚ್ಚಿನದಕ್ಕೆ ಈ ಗಾಡಿಯನ್ನು ಹಿಂಸಿಸಬೇಡಿ.

ಟ್ಯಾಂಕು 40 ಲೀಟರ್. ಮರಳಿನಲ್ಲಿ ಪೆಟ್ರೋಲ್ ಕುಡಿತ ರಸ್ತೆಗಿಂತ ಬಹಳ ಹೆಚ್ಚು. ದ್ವೀಪದ ಯೂರಾಂಗ್, ಹ್ಯಾಪಿ ವ್ಯಾಲಿಗಳಲ್ಲಿ ಪಂಪುಗಳಿವೆ, ಬೆಲೆ ಮುಖ್ಯ ನೆಲಕ್ಕಿಂತ ಜಾಸ್ತಿ. ರೈನ್‌ಬೋ ಬೀಚಿನಲ್ಲೇ ತುಂಬಿಸಿ ಹೊರಡಿ. ವಾಹನ ಪರವಾನಗಿಯನ್ನು ಮುಂಚಿತವಾಗಿ ತೆಗೆದಿರಬೇಕು. ಇನ್‌ಸ್ಕಿಪ್ ಪಾಯಿಂಟಿನಿಂದ ದ್ವೀಪಕ್ಕೆ ಬಾರ್ಜಿನಲ್ಲಿ (ಗಾಡಿ ದಾಟಿಸುವ ದೋಣಿ) ಹತ್ತು ನಿಮಿಷದ ದಾರಿ, ಆದರೆ ಆ ಹತ್ತುವ ದಂಡೆಯ ಮರಳೇ ಬಹಳ ಮೆತ್ತಗೆ. ಗಾಳಿ ಇಳಿಸುವ ಕೆಲಸ ಅದಕ್ಕೂ ಮುಂಚೆ ಆಗಬೇಕು. ಪೂರ್ವ ದಂಡೆಯಲ್ಲಿ 80 ಕಿ.ಮೀ. ಮಿತಿ ಇದೆ ಎಂದು 80ರಲ್ಲಿ ಓಡಿಸಬೇಕಿಲ್ಲ. ತೊರೆಗಳು ಸಮುದ್ರಕ್ಕೆ ಸೇರುವ ಕಡೆ ಮರಳು ಮೆಟ್ಟಿಲಿನಂತೆ ಕಡಿದಿರುತ್ತದೆ, ದೂರಕ್ಕೆ ಕಾಣುವುದಿಲ್ಲ. ಭರತದ ಹಿಂದೆ ಮುಂದೆ ಎರಡೆರಡು ಗಂಟೆ ದಂಡೆಗೆ ಇಳಿಯಬೇಡಿ. ಒಳದಾರಿಯಲ್ಲಿ ಪ್ರವಾಸಿ ಬಸ್ಸು ಎದುರಾದರೆ ಜಾಗ ಬಿಡುವವರು ನೀವು. ಗಾಡಿಗೆ ಗಾಡಿ ಎದುರಾದರೆ ಏರುತ್ತಿರುವವರಿಗೆ ರಭಸ ಬೇಕಾದ್ದರಿಂದ ಇಳಿಯುವವರು ಬದಿಗೆ ಸರಿಯುವುದು ಮರ್ಯಾದೆ. ಜಿಮ್ನಿ ಸಣ್ಣದಾದ್ದರಿಂದ ಯಾವ ಪೊದೆಯ ಸಂದಿಗಾದರೂ ತೂರಿಕೊಳ್ಳುತ್ತದೆ, ಇಲ್ಲಿ ಅದು ದೊಡ್ಡ ಅನುಕೂಲ.

ಬೆಂಗಳೂರಿನಲ್ಲಿ ಇದೇ ಗಾಡಿಯನ್ನು ಥಾರ್ ಜೊತೆ ತೂಗಿ ನೋಡುವವರಿಗೂ ಒಂದು ಮಾತು. ಮೂರು ಬಾಗಿಲಿನ ಥಾರ್‌ನ 2.2 ಲೀಟರ್ ಡೀಸೆಲ್ 300 ನ್ಯೂಟನ್ ಮೀಟರ್ ಕೊಡುತ್ತದೆ, ನೆಲದಿಂದ 226 ಮಿ.ಮೀ. ಎತ್ತರ. ರಾಜಸ್ಥಾನದ ಎತ್ತರದ ದಿಬ್ಬಗಳನ್ನು ಒಂದೇ ಉಸಿರಿಗೆ ಏರುವುದೇ ಗುರಿಯಾದರೆ ಅದು ಮುಂದು. ಮೆತ್ತನೆಯ ಮರಳಿನಲ್ಲಿ, ಇಕ್ಕಟ್ಟಿನ ತಿರುವುಗಳಲ್ಲಿ, ಒಬ್ಬರೇ ಇದ್ದಾಗ ಗಾಡಿ ಬಿಡಿಸಿಕೊಳ್ಳುವುದರಲ್ಲಿ ಜಿಮ್ನಿ ಸುಲಭ. ಕರ್ನಾಟಕದ ಮೀಸಲು ಅರಣ್ಯಗಳಿಗೆ ಅನುಮತಿ ಇಲ್ಲದೆ ನುಗ್ಗಲು, ಕರಾವಳಿಯ ದಂಡೆಗೆ ಗಾಡಿ ಇಳಿಸಲು ಎರಡರಲ್ಲಿ ಯಾವುದನ್ನೂ ಕೊಳ್ಳಬೇಡಿ.

ಕೆ'ಗಾರಿಯಿಂದ ಬಂದ ದಿನವೇ ಗಾಡಿಯ ಅಡಿಭಾಗ ತೊಳೆಸಬೇಕು, ನಾಳೆಗೆ ಬಿಡುವಂತಿಲ್ಲ. ಚಾಸಿಯ ಉದ್ದನೆ ಕಂಬಿಗಳು ಒಳಗೆ ಟೊಳ್ಳು, ಅವುಗಳ ತೂತಿನಿಂದ ಉಪ್ಪು ಮರಳು ಒಳಗೆ ಸೇರಿಕೊಳ್ಳುತ್ತದೆ. ಪೈಪನ್ನು ತೂತಿಗೇ ಇಟ್ಟು ಇನ್ನೊಂದು ತುದಿಯಿಂದ ಬರುವ ನೀರು ತಿಳಿಯಾಗುವವರೆಗೆ ಬಿಡಿ. ಒತ್ತಡದ ಪಂಪಿನಿಂದ ಹೊರಗಷ್ಟೇ ಹೊಡೆದರೆ ಮರಳು ಇನ್ನಷ್ಟು ಒಳಕ್ಕೆ ಹೋಗುತ್ತದೆ. ಅದೇ ಹೊತ್ತಿನಲ್ಲಿ ಮುಂದಿನ ಗಾಲಿಗಳ ಹತ್ತಿರ ಹೋಗುವ ಸಣ್ಣ ರಬ್ಬರ್ ಕೊಳವೆಗಳನ್ನು ಕೈಯಿಂದ ಮುಟ್ಟಿ ನೋಡಿ. ಜಿಮ್ನಿಯ ಮುಂದಿನ ಹಬ್‌ಗಳು (ಗಾಲಿಯನ್ನು ಆಕ್ಸಲ್ಲಿಗೆ ಜೋಡಿಸುವ ಭಾಗ) ಎಂಜಿನ್ನಿನ ನಿರ್ವಾತದ ಎಳೆತದಿಂದ ಕೂಡಿಕೊಳ್ಳುತ್ತವೆ. ಕಾಡಿನ ಕಡ್ಡಿ ಸಿಕ್ಕಿ ಕೊಳವೆ ಕಳಚಿದರೆ ಅಥವಾ ಸೀಳಿದರೆ ಫೋರ್ ವೀಲ್ ದೀಪ ಮಿಣುಕುತ್ತಲೇ ಇರುತ್ತದೆ, ಮುಂದಿನ ಗಾಲಿಗಳು ಎಳೆಯುವುದಿಲ್ಲ. ಮರಳಿನ ನಡುವೆ ಇದು ಗೊತ್ತಾಗುವುದಕ್ಕಿಂತ, ಬಾರ್ಜ್ ಹತ್ತುವ ಮೊದಲು ಜಲ್ಲಿ ನೆಲದಲ್ಲಿ ಒಮ್ಮೆ ಲಿವರ್ ಹಾಕಿ ದೀಪ ಸ್ಥಿರವಾಗಿ ಉರಿಯುತ್ತದೆಯೇ ಎಂದು ನೋಡಿಕೊಳ್ಳುವುದು ಮೇಲು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಹೊರಗಿನ ಬಣ್ಣ ನೋಡಿ ಒಪ್ಪಬೇಡಿ. ಹಿಂದಿನ ಗಾಲಿಯ ಮೇಲ್ಭಾಗದ ಚಾಸಿ ಕಂಬಿಯ ತೂತಿಗೆ ಬೆರಳು ಹಾಕಿ. ಬೆರಳಿಗೆ ಒದ್ದೆ ಮರಳು ಮೆತ್ತಿಕೊಂಡರೆ ಆ ಗಾಡಿ ಬಿಟ್ಟುಬಿಡಿ.